ಏಳನೇ ಸಾಲಿನ ಚೆಂಡುಹೂ

ಹೂ ಬಿಡುವ ಗಿಡವೊಂದಕ್ಕೆ ಜರೀಗಿಡದ ಹಾಗೆ ವಿಷ ಕುಡಿಯುವುದನ್ನು ಕಲಿಸಿದರೆ ಏನಾದೀತು? ಸಜ್ಜಲಕೇರಿಯ ಪ್ರಯೋಗದ ಹೊಲದಲ್ಲಿ ಮೂರು ವರ್ಷದಿಂದ ನಡೆದಿದ್ದದ್ದು ಈ ಒಂದು ಪ್ರಶ್ನೆಯ ಬೇಸಾಯ. ಆದರೆ ಆ ಹೊಲ ನೋಡಿಕೊಳ್ಳುತ್ತಿದ್ದ ಮೌನೇಶನನ್ನು ಊರವರು ಕೇಳುತ್ತಿದ್ದ ಪ್ರಶ್ನೆಯೇ ಬೇರೆ.

"ಅಲ್ಲೋ ಮೌನ್ಯಾ, ಚೆಂಡುಹೂವಿನ ಸಸಿ ಹಚ್ಚಿ, ನೀರುಣಿಸಿ, ಕಳೆ ತೆಗೆದು, ಮೊಗ್ಗಿ ಬಂದ ಕೂಡ್ಲೆ ಚಿವುಟಿ ಒಗಿತೀಯಲ್ಲ. ನಿನಗೇನ್ ತಲಿಗಿಲಿ ಕೆಟ್ಟೈತೇನು?"

"ಚಿವುಟಾಕನ ನನಗ ನೌಕರಿ ಕೊಟ್ಟಾರ, ಕಾಕಾ."

"ಹಂಗಿದ್ರ ನಮ್ಮನ್ಯಾಗ ಎರಡು ಹುಡುಗ್ರ ಅದಾವು, ಅವಕ್ಕೂ ಕೊಡಸು. ಗಿಡ ಹಾಳು ಮಾಡೂದ್ರಾಗ ನಿನಗಿಂತ ಮುಂದ ಅದಾವು."

ಮೌನೇಶ ನಕ್ಕು ಸೈಕಲ್ಲು ತುಳಿಯುತ್ತಿದ್ದ. ನಲವತ್ತೈದರ ಆಳು, ಕೃಷಿಯಲ್ಲಿ ಡಿಪ್ಲೊಮಾ ಓದಿ, ಬೇರೆ ಬೇರೆ ಕಡೆ ದುಡಿದು, ಕಡೆಗೆ ಹುಟ್ಟಿದ ಊರಿನ ಹೊಲಕ್ಕೇ ಬಂದು ನಿಂತವನು. ಊರವರ ಮಾತು ತಮಾಷೆಯದೇ ಆದರೂ ಎಲ್ಲೋ ಒಂದು ಕಡೆ ಚುಚ್ಚುತ್ತಿತ್ತು. ಗಿಡ ಬೆಳೆಸಿದವನ ಕೈಯಿಂದ ಊರಿಗೆ ಏನಾದರೂ ಹೋಗಬೇಕು. ಅವನ ಕೈಯಿಂದ ಮೂರು ವರ್ಷದಲ್ಲಿ ಒಂದು ಎಲೆಯೂ ಹೋಗಿರಲಿಲ್ಲ.

ಹೋಗುವಂತೆಯೂ ಇರಲಿಲ್ಲ. ಊರಿನ ಪಡುವಣಕ್ಕೆ, ಎಂದೋ ಮುಚ್ಚಿಹೋದ ಚಿನ್ನದ ಗಣಿಯ ಬೂದಿದಿಬ್ಬ ಇತ್ತು. ಚಿನ್ನ ಸೋಸಿ ತೆಗೆದು ಉಳಿದ ಪುಡಿಮಣ್ಣನ್ನು ಅಜ್ಜಂದಿರ ಕಾಲದಲ್ಲಿ ಅಲ್ಲಿ ಸುರಿದಿದ್ದರು. ಪ್ರತಿ ಮಳೆಗೂ ಅದು ಒಂದಿಷ್ಟು ಕರಗಿ ಹೊಲಗಳಿಗೆ ಇಳಿಯುತ್ತಿತ್ತು. ಅದರ ಜೊತೆ ಆರ್ಸೆನಿಕ್ಕೂ ಇಳಿಯುತ್ತಿತ್ತು. ಹಳಬರು ಪಾಷಾಣ ಎನ್ನುವ ಅದೇ ವಿಷ. ಊರಿನ ಹಿರಿಯರ ಅಂಗೈಯಲ್ಲಿ ಕಡಲೆಕಾಳಿನಷ್ಟು ಗಂಟುಗಳಿದ್ದವು. ಬೋರ್‌ವೆಲ್ಲುಗಳಿಗೆ ಕೆಂಪು ಬಣ್ಣ ಬಳಿದು ಮುಚ್ಚಿ, ಹೊಳೆಯಿಂದ ಪೈಪು ಎಳೆದು ಕುಡಿಯುವ ನೀರು ಕೊಟ್ಟಿದ್ದಾಯಿತು. ಮಣ್ಣಿಗೆ ಮಾತ್ರ ಯಾವ ಪೈಪೂ ಇರಲಿಲ್ಲ.

ಮಣ್ಣಿನಿಂದ ವಿಷ ಎಳೆಯಬಲ್ಲದ್ದು ಊರಿನಲ್ಲೇ ಇತ್ತು. ಹಳೇ ಮೆಟ್ಟಿಲುಬಾವಿಯ ಕಲ್ಲುಸಂದಿನಲ್ಲಿ ಬೆಳೆಯುವ ಜರೀಗಿಡ. ಊರವರ ಬಾಯಲ್ಲಿ ಬಾವಿಸೊಪ್ಪು. ಯಾರೂ ನೆಡದ, ಯಾರೂ ಕೀಳದ, ಯಾವ ದೇವರಿಗೂ ಏರಿಸದ ಸೊಪ್ಪು. ಹೂವಿಲ್ಲ, ಕಾಯಿಲ್ಲ, ಬೀಜವಿಲ್ಲ. ಎಲೆಯ ಅಂಚಿನ ಕೆಳಗೆ ಕಂದು ಪುಡಿ ಸಾಲುಗಟ್ಟುತ್ತದೆ, ಅದೇ ಅದರ ಸಂತಾನ. ಈ ಗಿಡ ಬೇರಿನಿಂದ ಆರ್ಸೆನಿಕ್ ಹೀರಿ ಎಲೆಯ ಕಣಕಣದಲ್ಲಿರುವ ಸಣ್ಣ ಚೀಲಕ್ಕೆ ತುಂಬಿ ಬಾಗಿಲು ಹಾಕಿಕೊಳ್ಳುತ್ತದೆ. ವಿಷ ಚೀಲದಲ್ಲಿ, ಗಿಡ ಸುಖದಲ್ಲಿ. ಆ ಬಾಗಿಲು ಒಂದು ಪ್ರೋಟೀನು. ಹೂ ಬಿಡುವ ಗಿಡಗಳ ಪೂರ್ವಿಕರಿಗೂ ಅದು ಇದ್ದಿರಬೇಕು. ಹೂವಿನ ಕುಲಕ್ಕೆ ಬರುವ ಹೊತ್ತಿಗೆ ಕಳೆದುಹೋಯಿತು.

ಆದರೆ ಬಾವಿಸೊಪ್ಪಿನದು ನಿಧಾನ. ನೆರಳು ಬೇಕು, ತೇವ ಬೇಕು. ಎರೆಹೊಲದ ಬಿಸಿಲಿಗೆ ಅದರ ತುದಿ ಸುಟ್ಟುಹೋಗುತ್ತಿತ್ತು. ಬಲೆಯ ಚಪ್ಪರ ಕಟ್ಟಿ ಸಾಕಿದರೂ ಒಂದು ಹೊಲ ಶುದ್ಧವಾಗಲು ಹದಿನೈದು ವರ್ಷ. ಚೆಂಡುಹೂವಿನ ಗಿಡವೋ, ಬಿಸಿಲಿಗೇ ಹುಟ್ಟಿದ್ದು. ಅರವತ್ತು ದಿನದಲ್ಲಿ ಸೊಂಟದೆತ್ತರ. ಹಾಗಾಗಿ ಈ ಪ್ರಯೋಗ ನಡೆಸುತ್ತಿದ್ದ ವಿಜ್ಞಾನಿ ಡಾಕ್ಟರ್ ಇಂದುಮತಿ ಕಳೆದುಹೋದ ಬಾಗಿಲನ್ನು ಜರೀಗಿಡದಿಂದ ತಂದು ಚೆಂಡುಹೂವಿನ ಗಿಡಕ್ಕೆ ಕೂರಿಸಿದರು. ಮೈಸೂರು ಕಡೆಯವರು, ಕಡಿಮೆ ಮಾತಿನವರು. ಹೊಲದಲ್ಲಿ ಹತ್ತು ಸಾಲು ಜರೀಗಿಡ, ಪಕ್ಕದಲ್ಲಿ ಹತ್ತು ಸಾಲು ಚೆಂಡುಹೂವಿನ ಗಿಡ. ವಾರಕ್ಕೊಮ್ಮೆ ಮೌನೇಶ ಎರಡರ ಎಲೆಗೂ ಒಂದು ಕ್ಲಿಪ್ಪು ಕಚ್ಚಿಸುತ್ತಿದ್ದ. ಅದು ಎಲೆಯೊಳಗೆ ಬೆಳಕು ಹಾಯಿಸಿ, ಅಲ್ಲಿ ಎಷ್ಟು ಆರ್ಸೆನಿಕ್ ಇದೆಯೆಂದು ಓದುತ್ತಿತ್ತು.

ಒಂದೇ ಒಂದು ಕಟ್ಟುನಿಟ್ಟು ಇತ್ತು. "ಮೊಗ್ಗು ಅರಳೋಕೆ ಬಿಡಬೇಡಿ ಮೌನೇಶ್," ಎಂದಿದ್ದರು ಇಂದುಮತಿ. "ಹೂ ಬಂದಾಗ ಗಿಡ ತನ್ನಲ್ಲಿರೋದನ್ನೆಲ್ಲ ಮೇಲಕ್ಕೆ ಕಳಿಸುತ್ತೆ. ಆರ್ಸೆನಿಕ್ ಏನು ಮಾಡುತ್ತೋ ನಮಗಿನ್ನೂ ಗೊತ್ತಿಲ್ಲ. ಗೊತ್ತಾಗೋವರೆಗೆ ಹೂವೇ ಬೇಡ." ಚಿವುಟಿದ ಮೊಗ್ಗು ಎಣಿಸಿ, ಬರೆದು, ಮುಚ್ಚಳದ ಡ್ರಮ್ಮಿಗೆ ಹಾಕಬೇಕು. ಅರಳಿದ್ದು ಕಂಡರೆ ಕೂಡಲೇ ತಿಳಿಸಬೇಕು. ಮೌನೇಶ ಓದಿ ಸಹಿ ಹಾಕಿದ್ದ.

*

ಆ ವರ್ಷ ದೀಪಾವಳಿಗೆ ಮೊದಲು ಆರು ದಿನ ಬಿಡದೆ ಮಳೆ ಹಿಡಿಯಿತು. ಅದರ ಹಿಂದಿನ ದಿನ ಮೌನೇಶ ಆರು ಸಾಲಿನ ಮೊಗ್ಗು ಚಿವುಟಿ, ಕತ್ತಲಾಯಿತೆಂದು ಉಳಿದದ್ದನ್ನು ನಾಳೆಗೆ ಬಿಟ್ಟಿದ್ದ. ಎಂಟು, ಒಂಬತ್ತು, ಹತ್ತನೇ ಸಾಲು ತಡವಾಗಿ ನೆಟ್ಟವು. ಮೊಗ್ಗು ಇನ್ನೂ ಮೆಣಸಿನಕಾಳಿನಷ್ಟಿದ್ದವು. ಏಳನೆಯದು ಮಾತ್ರ ಬಲಿತಿತ್ತು. ಮಳೆಯಲ್ಲಿ ಎರೆಮಣ್ಣು ಮೊಣಕಾಲಿಗೆ ಬಂದಿತ್ತು. ಹೋಗಲು ಸಾಧ್ಯವೇ ಇರಲಿಲ್ಲ ಎನ್ನಲಾಗದು, ಅವನು ಹೋಗಲಿಲ್ಲ ಅಷ್ಟೆ.

ಮಳೆ ಬಿಟ್ಟ ಮುಂಜಾನೆ ಹೊಲಕ್ಕೆ ಹೋದರೆ ಏಳನೇ ಸಾಲು ಈ ತುದಿಯಿಂದ ಆ ತುದಿಯವರೆಗೆ ಅರಳಿ ನಿಂತಿತ್ತು. ಒಂದೊಂದು ಹೂ ಹಿಡಿತುಂಬ. ಅಂಥ ಬಣ್ಣವನ್ನು ಅವನು ಚೆಂಡುಹೂವಿನಲ್ಲಿ ಕಂಡಿರಲೇ ಇಲ್ಲ. ಕತ್ತರಿ ಹಿಡಿದು ಸುಮ್ಮನೆ ನಿಂತ. ತಾನು ಬೆಳೆಸಿದ್ದು ಹೀಗಿರುತ್ತದೆಂದು ಅವನಿಗೇ ಗೊತ್ತಿರಲಿಲ್ಲ.

ತಂತಿಬೇಲಿಯ ಆಚೆ ದ್ಯಾಮವ್ವ ನಿಂತಿದ್ದಳು. ಅವನ ಓಣಿಯವಳು, ಹತ್ತು ವರ್ಷ ಹಿರಿಯಳು. ಗಂಡ ಸತ್ತು ಬಹಳ ವರ್ಷವಾಗಿತ್ತು. ಮಾಳಿ ಎಂಬ ಎಮ್ಮೆಯ ಹಾಲೇ ಅವಳ ಬದುಕು.

"ಅಬಬಬ! ಇವನ್ನೆಲ್ಲ ಮುಚ್ಚಿಟ್ಟು ಕುಂತೀ ಅಂತ ನನಗೇನ್ ಗೊತ್ತು," ಎಂದಳು. "ತಮ್ಮಾ, ಈ ಸಲ ಮಳಿಗೆ ಊರಾಗಿನ ಹೂವೆಲ್ಲ ಕೊಳತು ಹೋದ್ವು. ನಾಡಿದ್ದು ಪಾಡ್ಯಕ್ಕ ಮಾಳಿ ಕೊಳ್ಳಾಗ ಹಾರ ಇಲ್ದ ನಿಂದರ್ತೈತಿ. ನಾಕು ಹೂ ಕೊಡೋ."

"ಯಕ್ಕಾ, ಇವು ಸರಕಾರದ ಹೂ."

"ಸರಕಾರ ಎಮ್ಮಿ ಕಟ್ಟೇತೇನು ಹಾರ ಹಾಕಾಕ?"

ಮೌನೇಶನಿಗೆ ನಗು ತಡೆಯಲಿಲ್ಲ. ಹೂ ಬೇಡವೆಂದದ್ದು ಬೀಜ ಹರಡಬಾರದೆಂದು ಇರಬೇಕು, ಎಮ್ಮೆಯ ಕೊರಳಲ್ಲಿ ಒಂದು ದಿನ ಇದ್ದರೆ ಏನಾದೀತು ಎಂದುಕೊಂಡ. ಹಾಗಲ್ಲವೆಂದು ಅವನಿಗೆ ಹೇಳಿದ್ದರು. ಕೇಳಿದ್ದನ್ನು ಆ ಗಳಿಗೆಯಲ್ಲಿ ತನಗೆ ಬೇಕಾದ ಹಾಗೆ ತಿದ್ದಿಕೊಂಡ. ಬೇಲಿಯ ಮೇಲಿಂದ ಅವಳ ಉಡಿತುಂಬ ಹೂ ಸುರಿದ. ಮೂರು ವರ್ಷದಲ್ಲಿ ಮೊದಲ ಸಲ ಅವನ ಕೈಯಿಂದ ಊರಿಗೆ ಏನೋ ಹೋಗಿತ್ತು.

"ಯಾರು ಕೊಟ್ರು ಅಂತ ಹೇಳಬ್ಯಾಡಕ್ಕ. ನನ್ನ ಕೆಲಸಕ್ಕ ಕುತ್ತು ಬರ್ತೈತಿ."

"ನನ್ನ ಬಾಯಿ ಹೊಲದ್ರೂ ಹೇಳಂಗಿಲ್ಲ, ಬಿಚ್ಚಿದ್ರೂ ಹೇಳಂಗಿಲ್ಲ," ಎಂದು ಸೆರಗು ಮುಚ್ಚಿಕೊಂಡು ಹೋದಳು.

ಪಾಡ್ಯಕ್ಕೆ ತನ್ನ ಮನೆಯಲ್ಲಿ ಪೂಜೆಗಿಡುವ ಸಗಣಿಯ ಪಾಂಡವರಿಗೂ ಒಂದು ಬೊಗಸೆ ತೆಗೆದಿಟ್ಟು, ಉಳಿದದ್ದನ್ನು ಡ್ರಮ್ಮಿಗೆ ಹಾಕಿದ. ದಾಖಲೆಯಲ್ಲಿ ಬರೆದ: ಏಳನೇ ಸಾಲು, ಚಿವುಟಿದ ಮೊಗ್ಗು ಇನ್ನೂರ ಹನ್ನೆರಡು.

ಪಾಡ್ಯದ ದಿನ ಓಣಿಯಲ್ಲಿ ಹಾರ ಹಾಕಿಕೊಂಡ ಎಮ್ಮೆ ಮಾಳಿಯೊಂದೇ. ಮೈ ತೊಳೆದು, ಕೋಡಿಗೆ ಎಣ್ಣೆ ಹಚ್ಚಿ, ಕೊರಳಿಗೆ ಮೂರೆಳೆ ಹಾರ ಹಾಕಿ ದ್ಯಾಮವ್ವ ಅದನ್ನು ಊರಬಾಗಿಲ ಅಗಸಿಯ ತನಕ ನಡೆಸಿಕೊಂಡು ಹೋಗಿ ಬಂದಳು. ಮೌನೇಶನ ಹೆಂಡತಿ ಹುಲಿಗೆಮ್ಮ ಸಗಣಿಯ ಪಾಂಡವರನ್ನು ಮಾಡಿ, ಅವರ ತಲೆಗೆ ಒಂದೊಂದು ಹೂ ಸಿಕ್ಕಿಸಿ ಬಾಗಿಲ ಪಕ್ಕದ ಗೋಡೆಯ ಮಾಡದಲ್ಲಿ ಇಟ್ಟಿದ್ದಳು. ಮೌನೇಶ ಕಟ್ಟೆಯ ಮೇಲೆ ಕೂತು ಆ ಬಣ್ಣವನ್ನೇ ನೋಡಿದ. ಸಂಜೆ ದ್ಯಾಮವ್ವ ಹಾರ ಬಿಚ್ಚಿ ಮೇವಿನ ಗೋದಲಿಗೆ ಹಾಕಿದಳು. ದನಕ್ಕೆ ಹಾಕಿದ ಹಾರವನ್ನು ಆ ಊರಲ್ಲಿ ಯಾರೂ ತಿಪ್ಪೆಗೆ ಎಸೆಯುವುದಿಲ್ಲ, ದನವೇ ತಿನ್ನಬೇಕು. ಮಾಳಿ ತಿಂದಿತು.

*

ಮರುದಿನ ಮಧ್ಯಾಹ್ನ ಮಾಳಿ ಜೊಲ್ಲು ಸುರಿಸತೊಡಗಿತು. ನೀರಿನಂತೆ ಸಗಣಿ ಹಾಕಿತು. ಸಂಜೆಗೆ ಹಿಂಗಾಲು ತೂರಾಡಿದವು. ಹಬ್ಬದ ರಜೆಯೆಂದು ತಾಲೂಕಿನ ದನದ ಡಾಕ್ಟರು ಸಿಗಲಿಲ್ಲ. ಮಾರನೆಯ ದಿನವಿಡೀ ನರಳಿ, ಅದರ ಮರುದಿನ ಬೆಳಕು ಹರಿಯುವಾಗ ಸತ್ತಿತು.

ದ್ಯಾಮವ್ವನ ಮೈದುನ ಸಂಗಪ್ಪನಿಗೆ ಕಾರಣ ಹುಡುಕಲು ಎರಡು ಮಾತಿನಷ್ಟೂ ಹೊತ್ತು ಹಿಡಿಯಲಿಲ್ಲ. ಹಬ್ಬದ ಮರುದಿನ ಅವನ ಹೊಲದ ಬದುವಿನಲ್ಲಿ ಅವಳು ಎಮ್ಮೆ ಮೇಯಿಸಿದ್ದನ್ನು ಜನ ನೋಡಿದ್ದರು. ಅಲ್ಲಿ ಕೊಯ್ದ ಜೋಳದ ಕೂಳೆ ಮಳೆಗೆ ಚಿಗುರಿತ್ತು. ಜೋಳದ ಎಳೆ ಚಿಗುರು ತಿಂದರೆ ದನ ಸಾಯುವುದು ಆ ಸೀಮೆಯಲ್ಲಿ ಕೂಸಿಗೂ ಗೊತ್ತು.

"ಹಲ್ಲು ಬಿದ್ದ ಮ್ಯಾಲೆ ಬುದ್ಧೀನೂ ಬಿತ್ತೇನವ್ವಾ ನಿಂದು?" ಎಂದು ಓಣಿಯ ನಡುವೆ ನಿಂತು ಕೂಗಿದ. "ಹಬ್ಬದಾಗ ಎಮ್ಮಿ ಕೊಂದಾಕಿ ಕೈಯಾಗ ಕರ ಬಿಡಬೇಕೇನು?" ಮಾಳಿಯ ಐದು ತಿಂಗಳ ಕರುವನ್ನು ಬಿಚ್ಚಿಕೊಂಡು ಹೋಗಿ ತನ್ನ ಕೊಟ್ಟಿಗೆಯಲ್ಲಿ ಕಟ್ಟಿದ. ದ್ಯಾಮವ್ವ ಅಡ್ಡ ಬರಲಿಲ್ಲ. ಗೋಡೆಗೆ ಒರಗಿ, ಅದು ಹೋದ ದಾರಿಯನ್ನೇ ನೋಡುತ್ತ ಕೂತಳು. ಚಿಗುರಿಗೆ ಎಮ್ಮೆ ಬಾಯಿ ಹಾಕಿದ್ದು ಅವಳಿಗೆ ನೆನಪಿರಲಿಲ್ಲ. ಆದರೆ ಊರೇ ಹೇಳಿದ ಮೇಲೆ, ತಾನು ನೋಡದಿದ್ದಾಗ ಹಾಕಿದ್ದೀತು ಎಂದು ಒಪ್ಪಿಕೊಂಡಿದ್ದಳು.

"ವಯಸ್ಸಾದಾಕಿ, ನಿಗಾ ಇಡಬೇಕಿಲ್ಲೇನು? ಪಾಪ ಆ ಮೂಕಪ್ರಾಣಿ," ಎಂದಳು ಹುಲಿಗೆಮ್ಮ ಊಟದ ಹೊತ್ತಿಗೆ.

ಮೌನೇಶ ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದ. ಜೋಳದ ಚಿಗುರಿನ ವಿಷ ಏರಿದರೆ ದನ ಒಂದು ತಾಸಿನಲ್ಲಿ ಬೀಳುತ್ತದೆ. ಇದು ಒಂದೂವರೆ ದಿನ ನರಳಿತ್ತು. ಲೆಕ್ಕ ಅವನಿಗೆ ಗೊತ್ತಿತ್ತು. ಬಾಯಲ್ಲಿದ್ದ ತುತ್ತನ್ನು ಅಗಿಯುತ್ತಲೇ ಇದ್ದ.

*

ಪ್ರಯೋಗಶಾಲೆಯ ಪರದೆಯ ಮೇಲೆ ಎರಡು ಗೆರೆಗಳಿದ್ದವು. ಜರೀಗಿಡದ್ದು ಹಸಿರು, ತಗ್ಗಿಕೊಂಡು ನಡೆಯುವ ಗೆರೆ. ಚೆಂಡುಹೂವಿನದು ಕಿತ್ತಳೆ, ಅದರ ಮೂರರಷ್ಟು ಎತ್ತರಕ್ಕೆ ಏರಿತ್ತು. ಇಂದುಮತಿ ಕಿತ್ತಳೆ ಗೆರೆಯ ಒಂದು ಕಡೆ ಬೆರಳಿಟ್ಟರು.

"ಇಲ್ನೋಡಿ ಮೌನೇಶ್. ಏಳನೇ ಸಾಲು. ಹೋದ ವಾರ ಎಲೇಲಿದ್ದ ಆರ್ಸೆನಿಕ್ಕು ಈ ವಾರ ಅರ್ಧಕ್ಕೆ ಇಳಿದಿದೆ. ಬೇರೆ ಯಾವ ಸಾಲಲ್ಲೂ ಹೀಗಾಗಿಲ್ಲ. ಎಲೇಲಿದ್ದದ್ದು ಎಲ್ಲಿಗೆ ಹೋಯ್ತು?"

ಎಲ್ಲಿಗೆ ಹೋಯಿತೆಂದು ಅವನಿಗೆ ಆ ಕ್ಷಣವೇ ಹೊಳೆಯಿತು. ಬೇಲಿಯ ಮೇಲಿಂದ ಹೋಯಿತು. ಉಡಿಯಲ್ಲಿ ಹೋಯಿತು.

"ಮಳೆ ಇತ್ತಲ್ರೀ ಮೇಡಮ್. ಕ್ಲಿಪ್ಪಿಗೆ ನೀರು ಹೊಕ್ಕಿರಬೇಕು."

"ಮೊಗ್ಗು ಎಲ್ಲ ಸರಿಯಾಗಿ ಚಿವುಟಿದ್ರಿ ಅಲ್ವಾ?"

"ಬರದೀನ್ರಿ."

ಅವರು ದಾಖಲೆ ನೋಡಿದರು. ಇನ್ನೂರ ಹನ್ನೆರಡು. ಅವನ ಅಕ್ಷರ ಮುತ್ತಿನ ಹಾಗಿರುತ್ತಿತ್ತು. "ನೀವು ಬರೆದಿದ್ರೆ ಸರಿಯೇ," ಎಂದು ಏಳನೇ ಸಾಲಿನ ಆ ವಾರದ ಅಳತೆಯನ್ನು ಕೆಟ್ಟ ಅಳತೆಯೆಂದು ಗುರುತು ಮಾಡಿ ತೆಗೆದುಹಾಕಿದರು. ಕಿತ್ತಳೆ ಗೆರೆ ಮತ್ತೆ ನೆಟ್ಟಗಾಯಿತು. ಬರುವ ಸೋಮವಾರ ಇಂಥದೇ ಮಣ್ಣಿನ ನಲವತ್ತು ಊರುಗಳಿಗೆ ಈ ಸಸಿ ಹೊರಡುವುದಿತ್ತು.

ಅವತ್ತು ಸಂಜೆ ದ್ಯಾಮವ್ವ ಅವನ ಮನೆಯ ಕಟ್ಟೆಗೆ ಬಂದು ಕೂತಳು. ಹುಲಿಗೆಮ್ಮ ನೀರಿಗೆ ಹೋಗಿದ್ದಳು.

"ತಮ್ಮಾ, ನೀ ಓದಿದಾಂವ. ಚಿಗುರು ತಿಂದಿದ್ದು ಒಂದೂವರಿ ದಿನ ಒದ್ದಾಡಿ ಸಾಯ್ತೈತೇನು?"

ಹೇಳುವುದಾದರೆ ಅದೇ ಹೊತ್ತು. ಅವನ ನಾಲಿಗೆಯ ಮೇಲೆ ಮಾತು ಬಂದು ನಿಂತಿತ್ತು. "ಒಂದೊಂದಕ್ಕ ಒಂದೊಂದು ತರ ಆಗ್ತೈತಕ್ಕ," ಎಂದ.

"ಹಂಗಾರ ನಂದ ತಪ್ಪು." ಅವಳು ಓಣಿಯ ಎರಡೂ ಕಡೆ ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ, "ಹೂವಿನ ಮಾತು ನಾ ಯಾರ ಮುಂದೂ ಎತ್ತಿಲ್ಲ ನೋಡು. ಸಂಗಪ್ಪ ಕೇಳಿದ, ಎಲ್ಲಿ ತಂದಿ ಅಂತ. ತೀರಿಕೊಂಡ ನಮ್ಮ ಯಜಮಾನ್ರು ಕನಸಿನ್ಯಾಗ ಬಂದು ಕೊಟ್ರು ಅಂದೆ. ಉಗುಳಿ ಹೋದ." ಸಣ್ಣಗೆ ನಕ್ಕಳು. "ನಿನ್ನ ಕೆಲಸಕ್ಕೇನೂ ಆಗಂಗಿಲ್ಲ ಬಿಡು."

ಅವಳು ಹೋದ ಮೇಲೆ ಮೌನೇಶ ಬಾಗಿಲ ಮಾಡದಲ್ಲಿ ಒಣಗಿಹೋಗಿದ್ದ ಪಾಂಡವರ ತಲೆಯಿಂದ ಹೂಗಳನ್ನು ಒಂದೊಂದಾಗಿ ಕಿತ್ತು ಕಿಸೆಗೆ ಹಾಕಿಕೊಂಡ. ಮರುದಿನ ಎಲ್ಲರಿಗಿಂತ ಮೊದಲು ಪ್ರಯೋಗಶಾಲೆಗೆ ಹೋಗಿ ಒಂದು ಹೂವನ್ನು ನೀರಲ್ಲಿ ಅರೆದು, ಎಲೆಯಷ್ಟು ತೆಳ್ಳಗೆ ಗಾಜಿನ ಮೇಲೆ ಬಳಿದು, ಕ್ಲಿಪ್ಪು ಕಚ್ಚಿಸಿದ. ಅಂಕಿ ಏರಿತು, ಏರಿತು, ಆಮೇಲೆ ಅಂಕಿಯೇ ಹೋಗಿ 'ಮಿತಿ ಮೀರಿದೆ' ಎಂದು ಬಂತು. ಗಾಜು ಒರೆಸಿ, ಮತ್ತೊಂದು ಹೂ ಅರೆದ. ಮಿತಿ ಮೀರಿದೆ. ಜರೀಗಿಡ ಎಷ್ಟು ವಿಷ ಕುಡಿದರೂ ತನ್ನ ಬರಿ ಎಲೆಯಲ್ಲೇ ಇಟ್ಟುಕೊಂಡು ಕೂರುತ್ತದೆ. ಅದನ್ನು ಯಾರೂ ಮುಡಿಯುವುದಿಲ್ಲ, ಕಟ್ಟುವುದಿಲ್ಲ, ಬೇಡುವುದಿಲ್ಲ. ಈ ಗಿಡ ತಾನು ಕುಡಿದದ್ದನ್ನೆಲ್ಲ ತನ್ನ ಅತ್ಯಂತ ಚೆಲುವಾದ ಭಾಗಕ್ಕೆ ಕಳಿಸಿ, ಕೈಯೆತ್ತಿ ತೋರಿಸಿತ್ತು.

ಅಷ್ಟಾದರೂ ನಾಲ್ಕು ದಿನ ಅವನು ಬಾಯಿ ಬಿಡಲಿಲ್ಲ. ದ್ಯಾಮವ್ವನ ಮನೆಯ ಮುಂದೆ ಹಾಯದೆ ಹಳ್ಳದ ದಾರಿಯಲ್ಲಿ ಸುತ್ತಿಕೊಂಡು ಹೋದ. ಒಮ್ಮೆ ಎದುರೇ ಬಂದಾಗ ಸೈಕಲ್ಲಿನ ಚೈನು ಬಿದ್ದವನ ಹಾಗೆ ಬಗ್ಗಿ ಕೂತ. ನೌಕರಿ ಹೋದೀತೆಂಬ ಹೆದರಿಕೆ ಇತ್ತು. ಆದರೆ ಅದಕ್ಕಿಂತ ಹೆಚ್ಚಿಗೆ, ಹೇಳುವಾಗ ತನ್ನ ಮುಖ ಹೇಗೆ ಇಟ್ಟುಕೊಳ್ಳಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ.

*

ಶನಿವಾರ ಇಂದುಮತಿ ಅವನನ್ನು ಕರೆದು ಒಂದು ಹಾಳೆ ಕೊಟ್ಟರು. ಸಸಿಯ ಜೊತೆ ರೈತರಿಗೆ ಹಂಚುವ ಸೂಚನೆ.

"ನನ್ನ ಕನ್ನಡ ಪುಸ್ತಕದ ಹಾಗಿರುತ್ತೆ. ನೀವು ನಿಮ್ಮ ಕಡೆ ಜನರ ಮಾತಲ್ಲಿ ಬರೆದುಕೊಡಿ. ಮುಖ್ಯವಾಗಿ ಆ ಮೊಗ್ಗಿನ ವಿಷಯ. ವರದೀಲಿ ನಿಮ್ಮ ಹೆಸರೂ ಹಾಕಿದೀನಿ, ಶಿಸ್ತಾಗಿ ದಾಖಲೆ ಇಟ್ಟದ್ದಕ್ಕೆ."

ಅವನು ಮೂಲೆಯ ಮೇಜಿಗೆ ಕೂತು ಪೆನ್ನು ಹಿಡಿದ. 'ಮೊಗ್ಗಿ ಅರಳಾಕ ಬಿಡಬ್ಯಾಡ್ರಿ' ಎಂದು ಬರೆದ. 'ಹೂ ಆದ್ರ' ಎಂದು ಬರೆದ. ಮುಂದಿನ ಪದಕ್ಕೆ ಕೈ ಹೋಗಲಿಲ್ಲ. ನಲವತ್ತು ಊರು. ನಲವತ್ತೂ ಊರಿನಲ್ಲಿ ಪಾಡ್ಯ ಇದೆ, ಎಮ್ಮೆ ಇದೆ, ಬೇಲಿಯ ಆಚೆ ನಿಂತು ಉಡಿ ಒಡ್ಡುವವರಿದ್ದಾರೆ. ಒಡ್ಡಿದ ಉಡಿಗೆ ಇಲ್ಲ ಎನ್ನಲಾರದ ಒಬ್ಬನಾದರೂ ಇದ್ದೇ ಇರುತ್ತಾನೆ.

"ಮೇಡಮ್," ಎಂದ. ಪೆನ್ನಿಟ್ಟು ಎದ್ದು ನಿಂತ. "ಏಳನೇ ಸಾಲು ಅರಳಿತ್ರಿ."

ನಿಂತುಕೊಂಡೇ ಎಲ್ಲ ಹೇಳಿದ. ಮಳೆ, ಉಡಿ, ಹಾರ, ಮಾಳಿ, ಸುಳ್ಳು ಬರೆದ ಇನ್ನೂರ ಹನ್ನೆರಡು, ಕ್ಲಿಪ್ಪಿಗೆ ನೀರು ಹೊಕ್ಕಿತೆಂದದ್ದು, ಅರೆದ ಹೂ. ಮುಗಿದ ಮೇಲೆ ಇಂದುಮತಿ ಎದ್ದುಹೋಗಿ, ತೆಗೆದುಹಾಕಿದ್ದ ಅಳತೆಯನ್ನು ಪರದೆಯ ಮೇಲೆ ಮತ್ತೆ ತಂದರು. ಕಿತ್ತಳೆ ಗೆರೆ ಮುರಿದು ಕೆಳಗೆ ಬಿತ್ತು.

"ಎಮ್ಮೆಗೆ ಚೆಂಡುಹೂ ಹಾರ ಹಾಕ್ತಾರೆ ಅಂತ ನಂಗೆ ಗೊತ್ತಿತ್ತು," ಎಂದರು. "ಚಿಕ್ಕವಳಿದ್ದಾಗಿಂದ ನೋಡಿದೀನಿ. ಗೊತ್ತಿದ್ದೂ ಅದನ್ನ ಗಿಡದ ಲೆಕ್ಕಕ್ಕೆ ಹಿಡೀಲೇ ಇಲ್ಲ." ಕನ್ನಡಕ ತೆಗೆದು ಕಣ್ಣುಜ್ಜಿದರು. "ಎಷ್ಟು ಎಚ್ಚರಿಕೆ ಬರೆದುಕೊಟ್ಟರೆ ಜನ ಚಿವುಟ್ತಾರೆ, ಹೇಳಿ?"

"ಸಹಿ ಹಾಕಿದಾಂವ ನಾನ ಚಿವುಟಲಿಲ್ರಿ."

ಅವರು ಸಸಿ ಒಯ್ಯಬೇಕಿದ್ದ ಲಾರಿಯವರಿಗೆ ಫೋನು ಮಾಡಿ ಬರಬೇಡವೆಂದರು. ವರದಿಯ ಕಡೆಯ ಪುಟ ತೆಗೆದು, ಎರಡು ಗಿಡಗಳ ಹೋಲಿಕೆಯಲ್ಲಿ ಗೆದ್ದದ್ದು ಜರೀಗಿಡವೆಂದು ಬರೆದರು. ಕಾರಣದ ಜಾಗದಲ್ಲಿ ಬಹಳ ಹೊತ್ತು ಪೆನ್ನು ಆಡಿಸಿ, 'ಹೂ ಬಿಡುವುದಿಲ್ಲ' ಎಂದಷ್ಟೇ ಬರೆದರು. ಹದಿನೈದು ವರ್ಷದ ಹಾದಿ.

"ನನ್ನ ಮೇಲೂ ವಿಚಾರಣೆ ಆಗುತ್ತೆ, ನಿಮ್ಮ ಮೇಲೂ ಆಗುತ್ತೆ. ಅದು ಬರೋ ವಾರದ ಮಾತು. ಆ ಹೆಂಗಸಿಗೆ ಹೇಳಿದೀರಾ?"

"ಇಲ್ರಿ."

"ಮತ್ತೆ ಇಲ್ಲೇನು ನಿಂತಿದೀರಿ?"

*

ದ್ಯಾಮವ್ವ ಹೊಸ್ತಿಲಲ್ಲಿ ಕೂತು ಮೊರದಲ್ಲಿ ಜೋಳ ಕೇರುತ್ತಿದ್ದಳು. ಮೌನೇಶ ಸೈಕಲ್ಲು ಒರಗಿಸಿ, ಅವಳೆದುರು ನೆಲಕ್ಕೆ ಕೂತು, ತಲೆ ತಗ್ಗಿಸಿಕೊಂಡು ಹೇಳಿದ. ಮೊರದ ಸದ್ದು ನಡುವೆ ಒಮ್ಮೆ ನಿಂತು ಮತ್ತೆ ಶುರುವಾಯಿತು. ಅವನು ಮುಗಿಸಿದ ಮೇಲೂ ಅವಳು ಕೇರುತ್ತಲೇ ಇದ್ದಳು. ಕಲ್ಲು ಆರಿಸಿ ಎಸೆದಳು. ಮೊರ ಬದಿಗಿಟ್ಟಳು.

"ಮಾಳಿ ಬಾಯಿಗೆ ಹಾರ ಹಿಡಿದಾಕಿ ನಾನ," ಎಂದಳು. "ಒಂದು ಎಳಿ ಕೆಳಗ ಬಿದ್ದಿತ್ತು, ಎತ್ತಿ ತಿನಸಿದೆ."

"ನಿನಗೇನ್ ಗೊತ್ತಿತ್ತಕ್ಕ."

"ನಿನಗ ಗೊತ್ತಾಗಿ ಎಷ್ಟ್ ದಿನಾತು?"

"ನಾಕು ದಿನ." ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ಸಂಶೆ ಬಂದಿದ್ದು ಅದು ಸತ್ತ ದಿನಾನ."

ಅವಳು ಅವನನ್ನು ನೋಡಿದಳು. "ಓಣ್ಯಾಗ ನನ್ನ ಕಂಡ್ರ ಮಾರಿ ತಿರುವಿ ಹೋಗ್ತಿದ್ದೆಲ್ಲ, ಚೈನು ಬಿತ್ತು ಅಂತ ಕುಂತೆಲ್ಲ. ಎಲ್ಲಾರೂ ಬೈದ್ರು, ಅದು ನಡೀತು. ಮೌನ್ಯಾ ಸುದ್ದಾ ನನ್ನ ಕಂಡು ಹೇಸ್ತಾನ ಅಂತ ತಿಳಕೊಂಡೆ. ಅವತ್ತ ಮಾತ್ರ ನಾ ಉಣ್ಣಲಿಲ್ಲ."

ಮೌನೇಶ ಮುಂದಕ್ಕೆ ಬಗ್ಗಿದ. ಕಾಲು ಹಿಡಿಯಲು ಕೈ ಚಾಚಿದ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

"ಅದೆಲ್ಲ ಬ್ಯಾಡ. ಏಳು."

ಅವಳು ಸೆರಗು ಸಿಕ್ಕಿಸಿಕೊಂಡು ಓಣಿಗಿಳಿದಳು. ಮೊದಲ ಮನೆ ಹೂಗಾರರದು. ಬಾಗಿಲಲ್ಲಿ ನಿಂತು, "ಯವ್ವಾ, ಹೊರಗ ಬರ್ರಿ, ಇಂವ ಏನೋ ಹೇಳ್ತಾನ," ಎಂದು ಕರೆದಳು. ಅವರು ಬಂದರು. "ಹೇಳು," ಎಂದಳು. ಮೌನೇಶ ಹೇಳಿದ. ಎರಡನೆಯ ಮನೆಯಲ್ಲಿ ಕಾಕಾ ಹಾಸಿಗೆ ಬಿಟ್ಟು ಎದ್ದು ಬಂದ. ಮೊಗ್ಗಿನ ತಮಾಷೆ ಮಾಡುತ್ತಿದ್ದವನೇ. ಕೇಳಿ ಮುಗಿಸಿ, ತಮಾಷೆಗೆ ಏನೂ ಸಿಗದೆ ಒಳಗೆ ಹೋದ. ಮೂರನೆಯ ಮನೆಯವಳು, "ಅಯ್ಯ, ನಾವು ಎಂಥೆಂಥ ಮಾತು ಅಂದ್ವಿ ಆಕೀಗೆ," ಎಂದು ಬಾಯಿಗೆ ಸೆರಗು ಹಿಡಿದಳು. ದ್ಯಾಮವ್ವ ಆ ಮಾತಿಗೆ ನಿಲ್ಲಲಿಲ್ಲ. ಮುಂದಿನ ಬಾಗಿಲಿಗೆ ನಡೆದಿದ್ದಳು. ಪ್ರತಿ ಮನೆಯಲ್ಲೂ ಅದೇ ಒಂದು ಮಾತು: "ಹೇಳು." ಅವನು ಏನಾದರೂ ಬಿಟ್ಟರೆ, "ಬರದಿದ್ದು ಸುಳ್ಳು ಅನ್ನೂದೂ ಹೇಳು," ಎಂದು ನೆನಪಿಸುತ್ತಿದ್ದಳು.

ಒಂಬತ್ತನೆಯದು ಸಂಗಪ್ಪನ ಮನೆ. ಅವನು ಕೊಟ್ಟಿಗೆಯ ಕಂಬಕ್ಕೆ ಒರಗಿ ಪೂರ್ತಿ ಕೇಳಿದ. "ಹಂಗಂತ ಕೂಳಿ ಚಿಗುರಿನ್ಯಾಗ ಮೇಯಿಸಿದ್ದು ಸುಳ್ಳೇನು?" ಎಂದ. ಅವನ ಹೆಂಡತಿಯೇ, "ಸುಮ್ಮನಿರ್ರಿ ಸಾಕು," ಎಂದಳು. ದ್ಯಾಮವ್ವ ಅವನ ಪಕ್ಕದಲ್ಲೇ ಹಾಯ್ದುಹೋಗಿ ಕರುವಿನ ಹಗ್ಗ ಬಿಚ್ಚಿದಳು. ಕೇಳಿಕೊಂಡು ಬಿಚ್ಚಲಿಲ್ಲ. ಕರು ಕಾಲೂರಿ ಬರಲೊಲ್ಲೆನೆಂದಿತು.

"ತಾ ಅಕ್ಕ, ನಾ ಹಿಡಕೊಂಡು ಬರ್ತೀನಿ."

"ನೀ ಮುಟ್ಟಬ್ಯಾಡ."

ಕರುವನ್ನು ತಾನೇ ಎಳೆದು, ಸವರಿ, ಎಳೆದು ಓಣಿಗೆ ತಂದಳು. ಮೌನೇಶ ಮುಗಿಯಿತೆಂದುಕೊಂಡು ಸೈಕಲ್ಲಿನ ಕಡೆ ತಿರುಗಿದ.

"ಇನ್ನೊಂದು ಮನಿ ಉಳಿತಲ್ಲ," ಎಂದಳು ದ್ಯಾಮವ್ವ.

ಅವನು ಓಣಿಯ ತುದಿಗೆ ನೋಡಿದ. "ಅದು ನಮ್ಮ ಮನಿ, ಅಕ್ಕ."

"ಗೊತ್ತೈತಿ."

ಹುಲಿಗೆಮ್ಮ ಅಂಗಳ ಬಳಿಯುತ್ತಿದ್ದಳು. ಗಂಡ, ಅವನ ಹಿಂದೆ ದ್ಯಾಮವ್ವ, ಅವಳ ಹಿಂದೆ ಕರು ಬರುವುದನ್ನು ಕಂಡು ಸಗಣಿಗೈ ಎತ್ತಿ ಹಿಡಿದು ಎದ್ದು ನಿಂತಳು. "ಏನಾತ್ರೀ?" ಎಂದಳು. ಆಮೇಲೆ, ತಾನು ಆಡಿದ ಮಾತು ನೆನಪಾಗಿಯೋ ಏನೋ, ದ್ಯಾಮವ್ವನಿಂದ ಕಣ್ಣು ತಪ್ಪಿಸಿ ಗಂಡನ ಮುಖವನ್ನೇ ನೋಡಿದಳು. ಊರಲ್ಲಿ ತಲೆಯೆತ್ತಿ ತಿರುಗುವ ಗಂಡನನ್ನು ಹೆಂಡತಿ ನೋಡುವ ಹಾಗೆ.

ದ್ಯಾಮವ್ವ ಈ ಸಲ 'ಹೇಳು' ಎನ್ನಲಿಲ್ಲ. ಹಗ್ಗ ಹಿಡಿದು ಸುಮ್ಮನೆ ಕಾದಳು.

ಒಂಬತ್ತು ಬಾಗಿಲಲ್ಲಿ ಹೇಳಿ ಹೇಳಿ ಮೌನೇಶನಿಗೆ ಬಾಯಿಪಾಠವಾಗಿದ್ದ ಮಾತು, ತನ್ನ ಬಾಗಿಲಲ್ಲಿ ಮೊದಲ ಪದಕ್ಕೇ ಸಿಗದೆ ಹೋಯಿತು.